ರಾತ್ರಿ ಹನ್ನೊಂದು ದಾಟಿದ ಮೇಲೆ ರೇಡಿಯೊದಲ್ಲಿ ಹಳೆಯ ಹಾಡು ಎಲ್ಲಿ ಸಿಗುತ್ತದೆ?

ಗಂಗಾವತಿ ಬಾಯ್ಲರ್:

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ರಾತ್ರಿಪಾಳಿ ಮಾಡುತ್ತೇನೆ. ಬಾಯ್ಲರಿಗೆ ಹೊಟ್ಟು ಹಾಕಿಸುವುದು, ನೀರಿನ ಮಟ್ಟ ನೋಡುವುದು, ಮೀಟರಿನ ಮುಳ್ಳಿನ ಮೇಲೆ ಕಣ್ಣಿಡುವುದು. ಉಳಿದಂತೆ ನಿದ್ದೆ ಮಾಡದೆ ಇರುವುದೇ ಸಂಬಳದ ಕೆಲಸ. ಮೊಬೈಲ್ ಹಿಡಿದು ಕುಳಿತರೆ ಮಾಲೀಕರಿಗೆ ಸರಿಬರುವುದಿಲ್ಲ, ರೇಡಿಯೊ ಇಟ್ಟುಕೊಂಡರೆ ಅಡ್ಡಿಯಿಲ್ಲ. ಹೊಸಪೇಟೆ ಆಕಾಶವಾಣಿಯ ಎಫ್‌ಎಂ 100.5 ಇಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಹನ್ನೊಂದು ದಾಟಿದರೆ ಸುಯ್ ಎನ್ನುವ ಸದ್ದೊಂದೇ. ಮಧ್ಯಮ ತರಂಗಕ್ಕೆ (ಮೀಡಿಯಂ ವೇವ್) ತಿರುಗಿಸಿದರೆ ಬರೀ ಕರಕರ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ, ಅಲ್ಲಿ ಹಳೆಯ ಹಾಡುಗಳಿಗೆಂದೇ ಹಗಲೂ ರಾತ್ರಿ ನಡೆಯುವ ನಿಲಯಗಳಿವೆ ಎನ್ನುತ್ತಾನೆ. ನಮ್ಮಲ್ಲಿ ಅಂಥದ್ದು ಯಾಕಿಲ್ಲ? ಬಲ್ಲವರು ತಿಳಿಸಿ.

ಕೌಲ್‌ಬಜಾರ್ ಟೇಲರ್:

ಅಣ್ಣಾ, ಇದಕ್ಕೆ ಇಷ್ಟು ತಲೆಬಿಸಿ ಯಾಕೆ? ನಾವು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು. ಆರ್ಡರ್ ಇದ್ದಾಗ ಬೆಳಗಿನ ತನಕ ಮಿಷನ್ ಓಡುತ್ತದೆ. ಪೆನ್‌ಡ್ರೈವ್ ತುಂಬ ಹಾಡು ಹಾಕಿಸಿ ಸ್ಪೀಕರಿಗೆ ಚುಚ್ಚಿದರೆ ಮುಗಿಯಿತು. ದುಡ್ಡಿದ್ದರೆ ರೇಡಿಯೊ ಆಕಾರದಲ್ಲೇ ಕಾರವಾನ್ ಸಿಗುತ್ತದೆ, ಐದು ಸಾವಿರ ಹಾಡು ಅದರೊಳಗೇ ಇರುತ್ತವೆ.

ಶಕ್ತಿನಗರದ ನಿವೃತ್ತ:

ಟೇಲರ್ ಹೇಳಿದ್ದು ಅಗ್ಗದ ದಾರಿ, ಅದನ್ನು ಬೇಡ ಎನ್ನುವುದಿಲ್ಲ. ಆದರೆ ಬಾಯ್ಲರ್ ತಮ್ಮ ಕೇಳಿದ್ದು ರೇಡಿಯೊ. ನಾನು ಶಾಖೋತ್ಪನ್ನ ಕೇಂದ್ರದ ಕಲ್ಲಿದ್ದಲು ವಿಭಾಗದಲ್ಲಿ ರಾತ್ರಿಪಾಳಿ ಮಾಡಿ ಮುದುಕನಾದವನು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಕರಕರ. ಅದು ನಿಲಯದ ದೋಷವಲ್ಲ, ನಿಮ್ಮ ಗಿರಣಿಯದು. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು, ಅಗ್ಗದ ಎಲ್‌ಇಡಿ ಬಲ್ಬುಗಳು ಮಧ್ಯಮ ತರಂಗವನ್ನು ಹಾಳುಮಾಡುತ್ತವೆ. ಸೆಟ್ಟಿನೊಳಗೆ ಕಪ್ಪು ಫೆರೈಟ್ ಕಡ್ಡಿಯೊಂದಿರುತ್ತದೆ, ಮಧ್ಯಮ ತರಂಗಕ್ಕೆ ಅದೇ ಏರಿಯಲ್. ಮೇಲೆ ಎಳೆಯುವ ಉದ್ದದ ಕಡ್ಡಿ ಎಫ್‌ಎಂಗೆ, ಶಾರ್ಟ್‌ವೇವ್‌ಗೆ. ಹಾಗಾಗಿ ಅದನ್ನು ಎಳೆಯುತ್ತ ಕೂರಬೇಡಿ, ಇಡೀ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ. ಒಂದು ದಿಕ್ಕಿನಲ್ಲಿ ಗಲಾಟೆ ತಗ್ಗುತ್ತದೆ. ನಮ್ಮ ಕೇಂದ್ರದಲ್ಲಿ ಹೈವೋಲ್ಟೇಜ್ ತಂತಿಗಳ ಸ್ವಿಚ್‌ಯಾರ್ಡಿನ ಕಾಟ. ಕ್ಯಾಂಟೀನಿನ ಹಿಂದೆ ಬೇವಿನ ಮರದ ಬುಡದಲ್ಲಿ ಸೆಟ್ಟನ್ನು ಅಡ್ಡಡ್ಡ ಮಲಗಿಸಿದರೆ ಮಾತ್ರ ಹಾಡು ಕೇಳುತ್ತಿತ್ತು. ಹಗಲಿನಲ್ಲಿ ಈ ತರಂಗಗಳನ್ನು ವಾತಾವರಣದ ಮೇಲಿನ ಒಂದು ಪದರ ಹೀರಿಕೊಳ್ಳುತ್ತದೆ. ಕತ್ತಲಾದ ಮೇಲೆ ಆ ಪದರ ಕರಗಿ, ತರಂಗಗಳು ಇನ್ನೂ ಮೇಲಿನಿಂದ ತಿರುಗಿ ಬಂದು ನೂರಾರು ಕಿಲೋಮೀಟರ್ ದೂರ ಇಳಿಯುತ್ತವೆ. ಮಧ್ಯಮ ತರಂಗಕ್ಕೆ ರಾತ್ರಿಯೇ ಹಬ್ಬ.

ಆ ಹಬ್ಬವನ್ನು ಸರಿಯಾಗಿ ಬಳಸಿಕೊಂಡದ್ದು ಆಕಾಶವಾಣಿಯ ರಾಷ್ಟ್ರೀಯ ವಾಹಿನಿ. ಶುರುವಾದದ್ದು 1988ರ ಮೇ 18ರಂದು. ನಾಗಪುರದ ಸಾವಿರ ಕಿಲೋವ್ಯಾಟ್ ಪ್ರಸಾರಕ, 1566 ಕಿಲೋಹರ್ಟ್ಸ್. ಸಂಜೆ ಶುರುವಾದರೆ ಬೆಳಗಿನ ಆರರ ತನಕ. ಗಂಟೆಗೊಮ್ಮೆ ವಾರ್ತೆ, ನಡುವೆ ಹಾಡು, ಮಾತು. ರಾತ್ರಿ ಎರಡಕ್ಕೆ ದೆಹಲಿಯಲ್ಲಿ ಯಾರೋ ಒಬ್ಬರು ಎದ್ದು ಕುಳಿತು ಚಿತ್ರದ ಹೆಸರು, ಹಾಡಿದವರು, ಬರೆದವರು, ಸಂಗೀತ ನೀಡಿದವರು ಎಂದು ಬಿಡಿಸಿ ಹೇಳಿ ಹಾಡು ಹಾಕುತ್ತಿದ್ದರು. ನನ್ನ ಜೊತೆಯವನೊಬ್ಬ ಆ ಹೆಸರುಗಳನ್ನೆಲ್ಲ ಲಾಗ್‌ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡು ಮೇಲಧಿಕಾರಿಯಿಂದ ಬೈಸಿಕೊಂಡಿದ್ದ. 2019ರ ಜನವರಿಯಲ್ಲಿ ವೆಚ್ಚದ ಕಾರಣ ಕೊಟ್ಟು ವಾಹಿನಿಯನ್ನು ನಿಲ್ಲಿಸಿದರು. ರಾತ್ರಿ ಎಚ್ಚರವಿರುವವರು ನಾವು: ಲಾರಿಯವರು, ಕಾವಲಿನವರು, ಕಾಲುವೆಗೆ ನೀರು ಕಟ್ಟುವವರು. ಜಾಹೀರಾತು ಕೊಡುವವನಿಗೆ ನಮ್ಮಿಂದ ಏನು ಲಾಭ?

ನಮ್ಮಲ್ಲಿ ಹಳೆಯ ಹಾಡಿಗೆ ಜಾಗ ಸಿಕ್ಕಿದ್ದೆಲ್ಲ ಬೆಳಗಿನಲ್ಲಿ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಿಂದ ಆ ಹಾಡುಗಳು ಮಾಯವಾದವು, ಕೇಳುಗರೆಲ್ಲ ಕೊಲಂಬೊದ ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದಿತು. ರೇಡಿಯೊ ಸಿಲೋನ್ ಬೆಳಿಗ್ಗೆ ಏಳೂವರೆಯಿಂದ ಅರ್ಧ ಗಂಟೆ ಹಳೆಯ ಚಿತ್ರಗಳ ಹಾಡು ಹಾಕಿ, ಎಂಟರ ಹೊತ್ತಿಗೆ ಸೈಗಲ್ ಹಾಡಿನಿಂದ ಮುಗಿಸುತ್ತಿತ್ತು. ವಿವಿಧ ಭಾರತಿಯ ‘ಭೂಲೇ ಬಿಸ್ರೇ ಗೀತ್’ ಕೂಡ ಬೆಳಗಿನದೇ. ಊರಿಗೊಂದೇ ನಿಲಯವಿದ್ದಾಗ ಅದರಲ್ಲಿ ಕೃಷಿ, ವಾರ್ತೆ, ನಾಟಕ ಎಲ್ಲವೂ ಇರಬೇಕು, ಹಳೆಯ ಹಾಡಿಗೆ ಅರ್ಧ ಗಂಟೆ ಸಿಕ್ಕರೆ ಅದೇ ದೊಡ್ಡದು. ಖಾಸಗಿ ಎಫ್‌ಎಂ ಬಂದದ್ದೇ 2001ರಲ್ಲಿ, ಬೆಂಗಳೂರಿನಲ್ಲಿ. ಪರವಾನಗಿಗೆ ಅಷ್ಟು ಹಣ ಸುರಿದವರು ಮುದುಕರ ಹಾಡು ಹಾಕಿಯಾರೇ?

ಅಮೆರಿಕದ ಕಥೆ ಬೇರೆ. ಒಂದೊಂದು ನಗರದಲ್ಲಿ ಹತ್ತಾರು ನಿಲಯಗಳು, ಒಂದೊಂದಕ್ಕೂ ಒಂದೊಂದು ಬಗೆಯ ಸಂಗೀತ. ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್ ಎಫ್‌ಎಂ ಎಂಬ ನಿಲಯ 1972ರಲ್ಲಿ ಪೂರ್ತಿ ಹಳೆಯ ಹಾಡಿಗೆ ತಿರುಗಿತು. 2005ರ ಜೂನಿನಲ್ಲಿ ಒಂದೇ ದಿನ ಅದನ್ನೆಲ್ಲ ಕಿತ್ತುಹಾಕಿದರು. ಕೇಳುಗರು ಸಿಟ್ಟಾದರು, ಎರಡು ವರ್ಷಕ್ಕೆ ಮರಳಿ ತಂದರು. ಮರಳಿ ಬಂದಾಗ ಐವತ್ತರ ದಶಕದ ಹಾಡುಗಳು ಹೆಚ್ಚುಕಡಿಮೆ ಕಾಣೆಯಾಗಿದ್ದವು, ಎಪ್ಪತ್ತು ಎಂಬತ್ತರವು ಒಳಗೆ ಬಂದಿದ್ದವು. ಅಲ್ಲಿನ ಜಾಹೀರಾತುದಾರರಿಗೆ ಬೇಕಾದದ್ದು 25ರಿಂದ 54ರ ವಯಸ್ಸಿನವರು. ಕೇಳುಗನಿಗೆ 55 ತುಂಬಿತೆಂದರೆ ಅವನ ಹಾಡಿಗೂ ನಿವೃತ್ತಿ. ಇನ್ನು ಅಲ್ಲಿನ ನಿಲಯಗಳಲ್ಲಿ ರಾತ್ರಿ ಮನುಷ್ಯರಿರುತ್ತಾರೆ ಎಂದು ನಿಮ್ಮ ಅಕ್ಕನ ಮಗ ತಿಳಿದಿದ್ದರೆ ಕೇಳಿ ನೋಡಿ. ದೊಡ್ಡ ಟೇಪ್ ಸುರುಳಿಗಳ ಕಾಲದಲ್ಲೇ ಹಾಡಿನ ಕೊನೆಗೆ 25 ಹರ್ಟ್ಸ್‌ನ ಸಂಕೇತವೊಂದನ್ನು ಸೇರಿಸಿರುತ್ತಿದ್ದರು. ಕಿವಿಗೆ ಅದು ಗೊತ್ತಾಗುತ್ತಿರಲಿಲ್ಲ, ಯಂತ್ರ ಮಾತ್ರ ಅದನ್ನು ಹಿಡಿದು ಮುಂದಿನ ಸುರುಳಿ ಓಡಿಸುತ್ತಿತ್ತು. ಆಮೇಲೆ ಹಾಡು ಉಪಗ್ರಹದಿಂದ ಬರತೊಡಗಿತು, ಈಗ ಕಂಪ್ಯೂಟರ್. ಹಾಗೆ ನೋಡಿದರೆ ಅದಕ್ಕೂ ಟೇಲರನ ಪೆನ್‌ಡ್ರೈವಿಗೂ ಏನು ವ್ಯತ್ಯಾಸ?

ಕೌಲ್‌ಬಜಾರ್ ಟೇಲರ್:

ಹಿರಿಯರೇ, ಕೊನೆಗೆ ನನ್ನ ಮಾತಿಗೇ ಬಂದಿರಿ!

ರಾಯಚೂರು ಸಿಸ್ಟರ್:

ನಾನೂ ರಾತ್ರಿಪಾಳಿಯವಳೇ, ವಾರ್ಡಿನಲ್ಲಿ. ಹಿರಿಯರು ಬರೆದದ್ದರಲ್ಲಿ ನನಗೊಂದು ತಕರಾರು: ದೆಹಲಿ, ಕೊಲಂಬೊ, ನ್ಯೂಯಾರ್ಕ್ ಎಲ್ಲ ಬಂದವು, ಕನ್ನಡ ಎಲ್ಲಿ? ರಾಷ್ಟ್ರೀಯ ವಾಹಿನಿ ಇಡೀ ರಾತ್ರಿ ನಡೆದರೂ ಕನ್ನಡದ ಹಾಡಿಗಾಗಿ ಕಾಯುತ್ತ ಕೂರಲಾಗುತ್ತಿತ್ತೇ? ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಹಾಡುಗಳು ರಾತ್ರಿ ಎರಡಕ್ಕೆ ಯಾವ ನಿಲಯದಲ್ಲಿ ಬರುತ್ತಿದ್ದವು?

ಶಕ್ತಿನಗರದ ನಿವೃತ್ತ:

ನ್ಯಾಯವಾದ ತಕರಾರು, ತಾಯಿ. ಆದರೆ ರಾಯಚೂರಿನ ಹಳಬರ ಕಿವಿಗೆ ಒಂದು ಚರಿತ್ರೆಯೂ ಇದೆ. 1956ರ ತನಕ ನಾವು ಹೈದರಾಬಾದ್ ರಾಜ್ಯದವರು. ಕಲಬುರಗಿ ನಿಲಯ ಬಂದದ್ದು 1966ರಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಹೈದರಾಬಾದ್, ಕೊಲಂಬೊ, ಸ್ವಲ್ಪ ಧಾರವಾಡ. ನಮ್ಮ ತಂದೆ ಕನ್ನಡದಲ್ಲಿ ವ್ಯವಹಾರ ಮಾಡಿ ಉರ್ದುವಿನಲ್ಲಿ ಹಾಡು ಕೇಳಿದವರು. ರಾತ್ರಿಯಿಡೀ ಕನ್ನಡ ಎನ್ನುವುದು ಮಾತ್ರ ನಮಗೆ ಸಿಗಲೇ ಇಲ್ಲ, ಅದು ನಿಜ.

ಗಂಗಾವತಿ ಬಾಯ್ಲರ್:

ಎಲ್ಲರಿಗೂ ನಮಸ್ಕಾರ. ಸೆಟ್ಟನ್ನು ತಿರುಗಿಸಿ ನೋಡಿದೆ ಸರ್. ಹೊಟ್ಟಿನ ರಾಶಿಯ ಕಡೆಗೆ ಬೆನ್ನು ಮಾಡಿ ಇಟ್ಟರೆ ಗಲಾಟೆ ಅರ್ಧಕ್ಕೆ ಇಳಿಯುತ್ತದೆ. ಯಾವುದೋ ತೆಲುಗು ನಿಲಯ ಸ್ವಲ್ಪ ಹೊತ್ತು ಬಂದು ಹೋಯಿತು. ಹಳೆಯ ಹಾಡಿಗೆ ಸದ್ಯಕ್ಕೆ ಟೇಲರ್ ಅಣ್ಣನ ದಾರಿಯೇ ಗತಿ ಎನ್ನಿಸುತ್ತದೆ. ಆದರೆ ಯಾರೂ ಏನೂ ಹೇಳದೆ ಹಾಡಿನ ಹಿಂದೆ ಹಾಡು ಬಂದರೆ ನನಗೆ ಬೇಗ ನಿದ್ದೆ ಹತ್ತುತ್ತದೆ, ಬಾಯ್ಲರಿನ ಮುಂದೆ ಅದು ಆಗಬಾರದು. ಒಂದು ಕೋರಿಕೆ: ಕನ್ನಡ ಹಾಡುಗಳ ಪಟ್ಟಿ ಕಳುಹಿಸಿದರೆ, ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಕೊಡುತ್ತೀರಾ? ನಡುನಡುವೆ ಸೇರಿಸಿಕೊಳ್ಳುತ್ತೇನೆ.

ಶಕ್ತಿನಗರದ ನಿವೃತ್ತ:

ಧಾರಾಳವಾಗಿ. ಈ ವಯಸ್ಸಿಗೆ ಉದ್ಘೋಷಕನ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಆಗಲೇ ನಗುತ್ತಿದ್ದಾರೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಯಾರದ್ದಾದರೂ ಕಳುಹಿಸಿ. 1985ರ ಈಚಿನದನ್ನು ಮಾತ್ರ ಸೇರಿಸಬೇಡಿ, ಅವು ಹಳೆಯ ಹಾಡುಗಳಲ್ಲ.

ರಾಯಚೂರು ಸಿಸ್ಟರ್:

ಅದು ಹೇಗೆ ಸರ್? ಹಂಸಲೇಖ ಅವರ ತೊಂಬತ್ತರ ಹಾಡುಗಳಿಗೆ ಈಗ ಮೂವತ್ತು ದಾಟಿದೆ. ನ್ಯೂಯಾರ್ಕಿನವರು ಎಂಬತ್ತರ ಹಾಡುಗಳನ್ನು ಒಳಗೆ ಬಿಟ್ಟುಕೊಂಡರು ಎಂದು ಬರೆದವರು ನೀವೇ. ಪಟ್ಟಿಯಲ್ಲಿ ಅರ್ಧ ನನ್ನದು.

ಶಕ್ತಿನಗರದ ನಿವೃತ್ತ:

ಕಾಲುಭಾಗ ಕೊಡುತ್ತೇನೆ. ಅದೂ ಬೆಳಗಿನ ಜಾವ ನಾಲ್ಕರ ನಂತರ.