ನಡುವ ಎರರ್ ಬಂದ್ರೂ ಅರ್ಧ ಲಾಟ್ ಟೇಬಲ್‌ನ್ಯಾಗ ಉಳದಾವು, ಯಾಕ್ರಿ?

ಪ್ರಶ್ನೆ, ಬ್ಯಾಡಗಿಯಿಂದ:
ಸರ, ಮೆಣಸಿನಕಾಯಿ ದಲಾಲಿ ಅಂಗಡಿ ಒಂದರ ಸಾಫ್ಟ್‌ವೇರ್ ನೋಡ್ಕೊಳ್ತೀನ್ರಿ. ದಿನದ ಲಾಟ್ ಎಲ್ಲಾ ಒಂದ ಇನ್ಸರ್ಟ್‌ನ್ಯಾಗ (ಟೇಬಲ್‌ಗೆ ಸಾಲು ಸೇರಿಸೂ ಆದೇಶ) ಹಾಕ್ತೀವಿ, ಮೊನ್ನೆ ನಡುವ ಒಂದು ಲಾಟ್ ನಂಬರ್ ಡೂಪ್ಲಿಕೇಟ್ ಅಂತ ಎರರ್ ಬಂತು, ನೋಡಿದ್ರ ಅದಕ್ಕಿಂತ ಮೊದಲಿನ ಲಾಟ್ ಎಲ್ಲಾ ಸೇರಿಬಿಟ್ಟಾವು. ನನ್ನ ಲ್ಯಾಪ್‌ಟಾಪ್‌ನ್ಯಾಗ ಅದ ಕೋಡ್ ಓಡಿಸಿದ್ರ ಒಂದೂ ಸಾಲು ಹೋಗಂಗಿಲ್ಲ. ಎರಡೂ ಕಡೆ ಡೇಟಾಬೇಸ್ ಮೈಎಸ್‌ಕ್ಯೂಎಲ್ಲ ಐತಿ. ಸ್ಟಾರ್ಟ್ ಟ್ರಾನ್ಸಾಕ್ಷನ್ (ಆದ್ರ ಎಲ್ಲಾ, ಇಲ್ಲಂದ್ರ ಏನೂ ಇಲ್ಲ ಅನ್ನೂ ಹಂಗ ಕೆಲಸ ಒಟ್ಟುಗೂಡಿಸೂದು), ರೋಲ್‌ಬ್ಯಾಕ್ (ಮಾಡಿದ್ದನ್ನ ರದ್ದು ಮಾಡೂದು) ಹಾಕಿದ್ರೂ ಅಂಗಡ್ಯಾಗ ಏನೂ ಫರಕ್ ಇಲ್ಲ.

ಉತ್ತರ, ಹುಬ್ಬಳ್ಳಿ ಡಿಬಿಎ (ಡೇಟಾಬೇಸ್ ನೋಡ್ಕೊಳ್ಳವರು):
ಕೋಡ್ ಬಿಡ್ರಿ, ಮೊದಲ ಅಂಗಡಿ ಸರ್ವರ್‌ನ್ಯಾಗ ಶೋ ಕ್ರಿಯೇಟ್ ಟೇಬಲ್ ಹೊಡೀರಿ, ಎಂಜಿನ್ (ಟೇಬಲ್ ಡೇಟಾ ಬರದು ಇಡೂ ಒಳಗಿನ ಭಾಗ) ಮೈಐಸ್ಯಾಮ್ ಅಂತ ಬರ್ತೈತಿ ನೋಡ್ರಿ. ಅದಕ್ಕ ಟ್ರಾನ್ಸಾಕ್ಷನ್ನ ಇಲ್ಲ, ಒಂದೊಂದ ಸಾಲು ಬರಕೋತ ಹೋಗ್ತೈತಿ, ಎರರ್ ಬಂದಲ್ಲಿ ನಿಂದರ್ತೈತಿ, ಬರದದ್ದನ್ನ ವಾಪಸ್ ತಗ್ಯಾಕ ಬರಂಗಿಲ್ಲ. ಇನ್ನೊಂದು ಎಂಜಿನ್ ಇನ್ನೋಡಿಬಿ ಹಂಗಲ್ಲ, ಅಂಡೂ ಲಾಗ್ (ಬದಲಿ ಮಾಡಿದ್ದನ್ನ ಹಿಂದಕ್ಕ ತಗ್ಯಾಕ ಬೇಕಾದ ದಾಖಲೆ) ಇಟ್ಟಿರ್ತೈತಿ, ಒಂದು ಸಾಲು ಕೆಟ್ರ ಆ ಪೂರಾ ಇನ್ಸರ್ಟ್ ಹಿಂದಕ್ಕ. 2010ರಾಗ ಬಂದ 5.5 ವರ್ಷನ್‌ನಿಂದ ಡಿಫಾಲ್ಟ್ ಇನ್ನೋಡಿಬಿನ, ಆದ್ರ ಹಳೇ ಟೇಬಲ್ ಅಪ್‌ಗ್ರೇಡ್ ಮಾಡಿದ ಕೂಡಲೇ ತಾನಾಗೇ ಬದಲಾಗಂಗಿಲ್ರಿ, ಭಾಳ ಮಂದಿ ಇಲ್ಲೇ ಮೋಸ ಹೋಗ್ತಾರ.

ಇನ್ನೊಂದು, ಡೂಪ್ಲಿಕೇಟ್ ಎರರ್ ಬಂದ್ರ ಇನ್ನೋಡಿಬಿ ಆ ಒಂದು ಇನ್ಸರ್ಟ್ ಅಷ್ಟ ರದ್ದು ಮಾಡ್ತೈತಿ, ಅದ ಟ್ರಾನ್ಸಾಕ್ಷನ್‌ನ್ಯಾಗ ಅದರ ಹಿಂದ ಮಾಡಿದ್ದು ಹಂಗ ಇರ್ತಾವು. ನೀವು ಎರರ್ ನುಂಗಿ ಕಮಿಟ್ (ಮಾಡಿದ್ದನ್ನ ಕಾಯಂ ಮಾಡೂ ಆದೇಶ) ಹೊಡದ್ರ ಮತ್ತ ಅರ್ಧಮರ್ಧನ. ಡೆಡ್‌ಲಾಕ್ (ಎರಡು ಟ್ರಾನ್ಸಾಕ್ಷನ್ ಒಂದಕ್ಕೊಂದು ಕಾಯ್ಕೋತ ಸಿಕ್ಕೊಳ್ಳೂದು) ಆದ್ರ ಮಾತ್ರ ಪೂರಾ ಟ್ರಾನ್ಸಾಕ್ಷನ್ ಹೋಗ್ತೈತಿ.

ಪ್ರಶ್ನೆ ಕೇಳಿದವರು:
ಹೌದ್ರಿ ಸರ, ಮೈಐಸ್ಯಾಮ್ ಐತಿ! ಸದ್ಯಕ್ಕ ಇನ್ಸರ್ಟ್ ಇಗ್ನೋರ್ (ಎರರ್ ಬಂದ್ರೂ ನಿಲ್ಲದ ಇನ್ಸರ್ಟ್) ಹಾಕಿದ್ರ ನಡೀತೈತೇನ್ರಿ?

ಉತ್ತರ:
ಬ್ಯಾಡ್ರಿ. ಡೂಪ್ಲಿಕೇಟ್ ಅಷ್ಟ ಬಿಟ್ಟು ಮುಂದ ಹೋಗಿದ್ರ ಅಡ್ಡಿಯಿಲ್ಲಾಗಿತ್ತು, ಅದು ಬ್ಯಾರೆ ಎರರ್‌ನೂ ವಾರ್ನಿಂಗ್ ಮಾಡಿಬಿಡ್ತೈತಿ. ತೂಕದ ಕಾಲಂನ್ಯಾಗ ಯಾರರ ಅಕ್ಷರ ಹೊಡದ್ರ ಸೊನ್ನೆ ಅಂತ ಸೇರಿಸ್ತೈತಿ, ಆಮ್ಯಾಲೆ ರೈತರಿಗೆ ನೀವ ಉತ್ತರ ಕೊಡಬೇಕು. ಬ್ಯಾಕಪ್ ತಗೊಂಡು ಪ್ಯಾಟಿ ಇಲ್ಲದ ದಿನ ಆಲ್ಟರ್ ಟೇಬಲ್ ಮಾಡಿ ಎಂಜಿನ್ ಬದಲಿ ಮಾಡ್ರಿ, ಟೇಬಲ್ ಪೂರಾ ಕಾಪಿ ಆಗೂತನಕ ಯಾರೂ ಬರಿಯಾಕ ಬರಂಗಿಲ್ಲ.

ಗದಗಿನ ಇನ್ನೊಬ್ಬರು:
ನಮ್ಮಲ್ಲಿ ಇನ್ನೋಡಿಬಿನ ಐತ್ರಿ, ಆದ್ರ ಫೇಲ್ ಆದಾಗೊಮ್ಮೆ ಐಡಿ ನಂಬರ್ ನಡುವ ಹಾರ್ತಾವಲ್ರಿ?

ಉತ್ತರ:
ಹಾರ್ತಾವ್ರಿ. ಸಾಲು ವಾಪಸ್ ಹೋದ್ರೂ ಆಟೋ ಇನ್‌ಕ್ರಿಮೆಂಟ್ (ಡೇಟಾಬೇಸ್ ತಾನ ಏರಿಸ್ಕೋತ ಕೊಡೂ) ನಂಬರ್ ವಾಪಸ್ ಬರಂಗಿಲ್ಲ, ಅದು ಇರೂದ ಹಂಗ. ಅದನ್ನ ಬಿಲ್ ನಂಬರ್ ಅಂತ ಛಾಪಿಸ್ತಿದ್ರ ಬಿಟ್ಟು, ಬಿಲ್ಲಿಗೆ ಬ್ಯಾರೆ ಸೀರಿಯಲ್ ಇಡ್ರಿ.