ಕೆರೆ ಏರಿ ಮೇಲೆ ಹಾರಿದ ವಿಮಾನ: ಏನು ಮಾಡೋಣ?

ಮನೆ 22 · ಭಾನುವಾರ ರಾತ್ರಿ 8:10
ಬಡಾವಣೆ ಗುಂಪಿನ ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಐದೂಮುಕ್ಕಾಲರ ಸುಮಾರಿಗೆ ನಾನು, ನಮ್ಮ ಅತ್ತೆ ಬಡಾವಣೆ ಹಿಂದಿನ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದೆವು. ಹಿಂದಿನಿಂದ ಜೇನು ಎದ್ದ ಹಾಗೆ ಸದ್ದು ಬಂತು. ತಿರುಗಿ ನೋಡುವಷ್ಟರಲ್ಲಿ ರಿಮೋಟಿನಿಂದ ಹಾರಿಸುವ ಒಂದು ಬಿಳಿ ಆಟದ ವಿಮಾನ ನಮ್ಮ ತಲೆಯಿಂದ ಒಂದಾಳು ಮೇಲೆ ಹಾದು ನೀರಿಗೆ ಇಳಿಯಿತು. ಅತ್ತೆ ಅಲ್ಲೇ ಕೂತುಬಿಟ್ಟರು. ಅವರಿಗೆ 71 ವರ್ಷ, ಹೋದ ವರ್ಷ ಮಂಡಿ ಆಪರೇಷನ್ ಆಗಿದೆ. ಪುಣ್ಯಕ್ಕೆ ಪೆಟ್ಟೇನೂ ಆಗಿಲ್ಲ.

ನನಗೆ ಹೆದರಿಕೆ ಆಗಿದ್ದು ಆಮೇಲೆ. ವಿಮಾನ ನೀರಲ್ಲಿ ಮಗುಚಿಕೊಂಡಿತು. ಹಾರಿಸುತ್ತಿದ್ದ ಹುಡುಗ ಚಪ್ಪಲಿ ಬಿಟ್ಟು ಸೀದಾ ನೀರಿಗೆ ಇಳಿದ. ಸೊಂಟದವರೆಗೆ ಹೋದ. ನಾನು ಕೂಗಿದರೂ ತಿರುಗಿ ನೋಡಲಿಲ್ಲ. ಆ ಕೆರೆಯೊಳಗೆ ಏನಿದೆ ಅಂತ ಅವನಿಗೆ ಗೊತ್ತಾ?

ಮನೆ 15 · 8:14
ಇದು ಮೂರನೇ ಸಲ. ನಾಳೆಯೇ ಪೊಲೀಸರಿಗೆ ಅರ್ಜಿ ಕೊಡೋಣ. ಡ್ರೋನ್ ಗೀನ್ ಎಲ್ಲ ಬಂದ್.

ಮನೆ 40 · 8:17
ಅದು ಡ್ರೋನ್ ಅಲ್ಲ ಸರ್. ನಾನು ಹಕ್ಕಿ ಫೋಟೋ ತೆಗೆಯುವಾಗ ನೋಡಿದ್ದೇನೆ. ಥೇಟ್ ವಿಮಾನವೇ. ಚಕ್ರ ಇರಬೇಕಾದ ಜಾಗದಲ್ಲಿ ಎರಡು ಪುಟ್ಟ ದೋಣಿ ಕಟ್ಟಿರುತ್ತಾರೆ. ನೀರಿನಿಂದಲೇ ಏರುತ್ತದೆ, ನೀರಿಗೇ ಇಳಿಯುತ್ತದೆ. ನೋಡಲು ಚೆಂದ, ಅದು ಬೇರೆ ಮಾತು.

ಮನೆ 18 · 8:19
ನಾಳೆ ನಲ್ಲಿ ನೀರು ಬರುತ್ತಾ?

ಕಾರ್ಯದರ್ಶಿ · 8:20
ಬರುತ್ತದೆ. ಇಲ್ಲಿ ಕೆರೆ ವಿಷಯ ಮಾತ್ರ, ದಯವಿಟ್ಟು.

ಮನೆ 31 · 8:52
ಆಂಟಿ, ಅದು ನಾನೇ. ಅಜ್ಜಿಗೆ ನಾಳೆ ಮನೆಗೇ ಬಂದು ಸಾರಿ ಹೇಳುತ್ತೇನೆ. ಬೇಕಂತ ಮಾಡಿದ್ದಲ್ಲ. ಪಶ್ಚಿಮದಿಂದ ಗಾಳಿ ಜೋರಾಗಿತ್ತು. ವಿಮಾನ ಇಳಿಸುವಾಗ ಗಾಳಿಗೆ ಎದುರಾಗಿಯೇ ಇಳಿಸಬೇಕು. ಏರಿ ಇರುವುದು ಪೂರ್ವಕ್ಕೆ. ಅಲ್ಲಿ ನಿಂತು ಇಳಿಸಬೇಕು ಅಂದರೆ ವಿಮಾನ ನನ್ನ ಬೆನ್ನ ಹಿಂದಿನಿಂದ ಏರಿ ದಾಟಿಕೊಂಡೇ ಬರಬೇಕು. ಎದುರಿಗೆ ಮುಳುಗುವ ಸೂರ್ಯ, ನೀರಲ್ಲೂ ಅದೇ ಬೆಳಕು. ಕೊನೆಯ ಮೂರು ಸೆಕೆಂಡ್ ನನಗೆ ವಿಮಾನ ಕಾಣಲಿಲ್ಲ.

ಮನೆ 15 · 8:55
ಕಾಣದೇ ಇದ್ದರೆ ಯಾಕಪ್ಪ ಹಾರಿಸುತ್ತೀಯ?

ಮನೆ 7, ಮೇಷ್ಟ್ರು · 9:05
ಅವನು ನಿಜ ಹೇಳಿದ್ದಾನೆ, ಮೊದಲು ಕೇಳೋಣ. ಏನಪ್ಪ, ತೂಕ ಎಷ್ಟು? ವೇಗ ಎಷ್ಟು?

ಮನೆ 31 · 9:06
ಬ್ಯಾಟರಿ ಸೇರಿ 1 ಕೆಜಿ 300 ಗ್ರಾಂ ಸರ್. ಜೋರಾಗಿ ಹೋದರೆ ಗಂಟೆಗೆ 50 ಕಿ.ಮೀ. ಫೋಮ್ ಸರ್, ಮೆತ್ತಗಿರುತ್ತದೆ.

ಮನೆ 7, ಮೇಷ್ಟ್ರು · 9:15
ಫೋಮ್ ಮೆತ್ತಗೆ. ಒಳಗಿನ ಬ್ಯಾಟರಿ, ಮೂತಿಯಲ್ಲಿರುವ ಮೋಟಾರು ಮೆತ್ತಗಲ್ಲ. 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹತ್ತು ಮೀಟರ್ ಮರದಿಂದ ಸಿಪ್ಪೆ ಸಮೇತ ತೆಂಗಿನಕಾಯಿ ಬಿದ್ದರೆ ಎಷ್ಟು ಏಟೋ, ಹೆಚ್ಚುಕಡಿಮೆ ಅಷ್ಟೇ ಏಟು. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದ್ದೇನೆ, ಈ ಲೆಕ್ಕ ತಪ್ಪುವುದಿಲ್ಲ. ತಿರುಗುವ ಪ್ರೊಪೆಲ್ಲರ್ ಬೆರಳಿಗೆ ತಾಗಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಮನೆ 9 · 9:24
ಮೇಷ್ಟ್ರೇ, ತೆಂಗಿನಕಾಯಿ ಇರಲಿ. ಅಕ್ಕ ಕೇಳಿದ್ದು ಕೆರೆಯೊಳಗೆ ಏನಿದೆ ಅಂತ. ನಾನು ಹೇಳುತ್ತೇನೆ. ಎರಡು ಬೇಸಿಗೆ ಹಿಂದೆ ಕೆರೆ ಬತ್ತಿದಾಗ ಎಲ್ಲರೂ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆದರು. ನನ್ನ ಅಡಿಕೆ ತೋಟಕ್ಕೂ ಇಪ್ಪತ್ತು ಟ್ರ್ಯಾಕ್ಟರ್ ಲೋಡು ಹೋಗಿದೆ, ಸುಳ್ಳು ಹೇಳುವುದಿಲ್ಲ. ಹಿಟಾಚಿ ಎಲ್ಲಿ ಬೇಕೋ ಅಲ್ಲಿ ತೋಡಿತು. ಗುಂಡಿ ಯಾರೂ ಮುಚ್ಚಲಿಲ್ಲ. ಈಗ ಮೇಲೆ ನೀರು ಒಂದೇ ಸಮ ಕಾಣುತ್ತದೆ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಾ ಇರುತ್ತೀರಿ, ಮುಂದಿನ ಹೆಜ್ಜೆಗೆ ಎರಡಾಳು ಗುಂಡಿ. ಗುಂಡಿ ಅಂಚಿನಲ್ಲಿ ಕೆಸರು ಜಾರುತ್ತದೆ. ಈಜು ಬಂದರೂ ಪ್ಯಾಂಟು ಹಾಕಿಕೊಂಡು ಅಲ್ಲಿಂದ ಹತ್ತುವುದು ಕಷ್ಟ.

ಮನೆ 31 · 9:31
ನನಗೆ ಗೊತ್ತಿರಲಿಲ್ಲ ಅಂಕಲ್. ಬ್ಯಾಟರಿ, ಮೋಟಾರು ಎಲ್ಲ ಸೇರಿ ಆರು ಸಾವಿರದ ಸಾಮಾನು. ನೀರು ಒಳಗೆ ಹೋಗುತ್ತದಲ್ಲ ಅಂತ ಗಾಬರಿಯಾಯಿತು.

ಮನೆ 31, ಅಮ್ಮ · 9:32
ಆರು ಸಾವಿರಕ್ಕೆ ಕೆರೆಗೆ ಇಳಿದೆಯಾ? ಒದ್ದೆ ಪ್ಯಾಂಟು ನೋಡಿ ಕೇಳಿದರೆ ಮಳೆ ಅಂದೆಯಲ್ಲ. ರೂಮಿಗೆ ಬರ್ತೀನಿ ಇರು.

ಮನೆ 18 · 9:33
ಇವತ್ತು ಮಳೆಯೇ ಬಂದಿಲ್ಲವಲ್ಲ 😄

ಮನೆ 15 · ಸೋಮವಾರ ಬೆಳಗ್ಗೆ 7:02
ರಾತ್ರಿ ಯೋಚನೆ ಮಾಡಿದೆ. ಹುಡುಗ ಬೇಕಾದರೆ ಕುಂದವಾಡ ಕೆರೆಗೆ ಹೋಗಲಿ. ದೊಡ್ಡದಾಗಿದೆ.

ಕಾರ್ಯದರ್ಶಿ · 7:10
ಅದು ದಾವಣಗೆರೆಗೆ ಕುಡಿಯುವ ನೀರಿನ ಕೆರೆ ಸರ್. ಭದ್ರಾ ಕಾಲುವೆಯಿಂದ ತುಂಬಿಸುತ್ತಾರೆ. ಸುತ್ತಲೂ ಬೆಳಗ್ಗೆ ಸಂಜೆ ವಾಕಿಂಗ್ ಜನ. ಟಿ.ವಿ. ಸ್ಟೇಷನ್ ಕೆರೆಯೂ ಕುಡಿಯುವ ನೀರಿನದೇ. ಸೂಳೆಕೆರೆ ಅನ್ನಬೇಡಿ, ಚಿತ್ರದುರ್ಗದವರು ಅದೇ ನೀರು ಕುಡಿಯುತ್ತಾರೆ. ನಮ್ಮ ತಲೆನೋವು ಇನ್ನೊಬ್ಬರ ಕೆರೆಗೆ ಕಳಿಸುವುದು ಬೇಡ.

ಮನೆ 12, ವಕೀಲರು · 7:40
ಪೊಲೀಸ್ ಅರ್ಜಿ ಮಾತು ಬಂದಿದ್ದಕ್ಕೆ ಕಾನೂನು ಹೇಳುತ್ತೇನೆ: 2021ರ ಡ್ರೋನ್ ನಿಯಮಗಳಲ್ಲಿ (ಇಂಥ ರಿಮೋಟ್ ವಿಮಾನಕ್ಕೂ ಇವೇ ನಿಯಮ) 250 ಗ್ರಾಂ ದಾಟಿ 2 ಕೆಜಿವರೆಗಿನದು ಮೈಕ್ರೊ ವರ್ಗ. ದುಡ್ಡಿಗಲ್ಲದೆ ಹವ್ಯಾಸಕ್ಕೆ ಹಾರಿಸಿದರೆ ಪೈಲಟ್ ಲೈಸೆನ್ಸ್ ಬೇಡ. ಹವ್ಯಾಸದ ಮಾದರಿ ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಮುಂಚೆ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿ ಎತ್ತರ ಮಿತಿ. ಯಾವುದು ಹಸಿರು, ಯಾವುದು ಅನುಮತಿ ಬೇಕಾದ ಹಳದಿ, ಕೆಂಪು ವಲಯ ಅಂತ ಸರ್ಕಾರದ ಡಿಜಿಟಲ್ ಸ್ಕೈ ಆನ್‌ಲೈನ್ ನಕ್ಷೆಯಲ್ಲಿ ಪ್ರತಿ ಸಲ ನೋಡಿಕೊಳ್ಳಬೇಕು. ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಅಜ್ಜಿ ತಲೆ ಮೇಲೆ ಹಾರಿಸಬಹುದು ಅಂತಲ್ಲ. ಪೆಟ್ಟಾದರೆ ಕೇಸು ಕೇಸೇ.

ಮನೆ 40 · 8:15
ನನ್ನದೂ ಒಂದು ಮಾತು. ಕೆರೆಯ ಉತ್ತರ ಮೂಲೆಯಲ್ಲಿ ತಾವರೆ ಎಲೆ ತುಂಬಿದೆ. ಅಲ್ಲಿ ದೇವನಕ್ಕಿ ಮೊಟ್ಟೆ ಇಟ್ಟಿದೆ. ಉದ್ದ ಬೆರಳಿನ ಹಕ್ಕಿ, ಎಲೆ ಮೇಲೇ ನಡೆಯುತ್ತದೆ, ತೇಲುವ ಎಲೆ ಮೇಲೇ ಗೂಡು. ದೊಡ್ಡ ಗೂಡೇನಲ್ಲ, ನಾಲ್ಕು ಕಡ್ಡಿ ಎಳೆದು ಹಾಕಿರುತ್ತದೆ ಅಷ್ಟೇ. ವಿಮಾನ ಪಕ್ಕದಲ್ಲಿ ಓಡಿ ಅಲೆ ಎದ್ದರೆ ಮೊಟ್ಟೆ ನೀರಿಗೆ. ಈಗ ಭಾದ್ರಪದ, ಇನ್ನೊಂದು ತಿಂಗಳು ಆ ಮೂಲೆ ಬಿಟ್ಟುಬಿಡಿ. ಗರುಡ ಸುತ್ತುತ್ತಿದ್ದರೆ ವಿಮಾನ ಇಳಿಸಿ. ಹಕ್ಕಿ ಹಿಂದೆ ಓಡಿಸುವುದಂತೂ ಬೇಡವೇ ಬೇಡ.

ಮನೆ 31 · 8:30
ಸರಿ ಅಣ್ಣ. ಆ ಮೂಲೆ ಕಡೆ ಹೋಗುವುದಿಲ್ಲ.

ಮನೆ 9 · 12:20
ಮೀನು ಗುತ್ತಿಗೆಯವರು ಈ ಗುಂಪಿನಲ್ಲಿಲ್ಲ. ಕೇಳಿದ್ದಕ್ಕೆ ವಾಯ್ಸ್ ಕಳಿಸಿದ್ದಾರೆ. ಬರೆದು ಹಾಕುತ್ತಿದ್ದೇನೆ: "ಹುಡುಗ ಒಳ್ಳೆಯವನೇ, ಆದರೆ ನನ್ನ ಬಲೆ ಬೆಂಡಿಗೆ ಒಂದು ಸಲ ಸಿಕ್ಕಿಸಿದ. ಬಿಡಿಸಲು ಅರ್ಧ ದಿನ. ನಾನು ಹರಿಗೋಲಲ್ಲಿ ಇದ್ದಾಗ ಹಾರಿಸಬಾರದು, ಹರಿಗೋಲಲ್ಲಿ ತಲೆ ತಗ್ಗಿಸಲು ಆಗಲ್ಲ, ಮಗುಚುತ್ತದೆ. ಒಂಬತ್ತರ ಮೇಲೆ ನಾನು ದಡದಲ್ಲೇ ಇರುತ್ತೇನೆ, ಆಗ ಹಾರಿಸಲಿ. ಬಿದ್ದರೆ ನಾನೇ ಹೋಗಿ ತರುತ್ತೇನೆ. ಅವನು ಇಳಿಯಬಾರದು. ಆ ಗುಂಡಿಗಳು ಎಲ್ಲೆಲ್ಲಿವೆ ಅಂತ ನನಗೇ ಪೂರ್ತಿ ಗೊತ್ತಿಲ್ಲ."

ಮನೆ 22 · 12:45
ಕೊನೆಯ ಮಾತು ಎಲ್ಲರೂ ಎರಡು ಸಲ ಓದಿ.

ಮನೆ 15 · 1:10
ಪೆಟ್ರೋಲ್ ಎಣ್ಣೆ ಎಲ್ಲ ನೀರಿಗೆ ಬೀಳುತ್ತಲ್ಲ? ದನ ಕುಡಿಯುವ ನೀರು.

ಮನೆ 31 · 1:25
ನನ್ನದು ಬ್ಯಾಟರಿ ವಿಮಾನ ಅಂಕಲ್, ಎಣ್ಣೆ ಇಲ್ಲ. ಎಂಜಿನ್ ವಿಮಾನಕ್ಕೆ ಮೆಥನಾಲ್, ನೈಟ್ರೊಮೀಥೇನ್, ಎಣ್ಣೆ ಕಲಸಿದ ಇಂಧನ ಹಾಕುತ್ತಾರೆ. ಅದರ ಎಣ್ಣೆ ಹೊಗೆ ಕೊಳವೆಯಿಂದ ಸಿಡಿಯುತ್ತಾ ಇರುತ್ತದೆ. ಗೆಳೆಯನ ಹತ್ತಿರ ಅಂಥದ್ದೊಂದು ಇದೆ, ಇಲ್ಲಿಗೆ ತರಬೇಡ ಅನ್ನುತ್ತೇನೆ. ನಂದೂ ಪೂರ್ತಿ ಸಾಚಾ ಅಲ್ಲ, ಈ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ನೀರಲ್ಲಿ ಬಿಟ್ಟು ಬರುವ ಹಾಗಿಲ್ಲ. ನೆಂದಿದ್ದನ್ನು, ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕುವ ಹಾಗೂ ಇಲ್ಲ. ಬೆಂಕಿ ಹತ್ತುತ್ತದೆ.

ಮನೆ 31, ಅಮ್ಮ · 1:27
ನಿನ್ನೆಯ ಬ್ಯಾಟರಿ ಎಲ್ಲಿದೆ ಈಗ?

ಮನೆ 31 · 1:28
ಅಂಗಳದಲ್ಲಿ, ಮರಳು ತುಂಬಿದ ಬಕೆಟ್‌ನಲ್ಲಿ ಅಮ್ಮ.

ಮನೆ 31, ಅಮ್ಮ · 1:29
ಅದಕ್ಕೇ ನನ್ನ ಬಕೆಟ್ ಕಾಣುತ್ತಿರಲಿಲ್ಲ.

ಮನೆ 7, ಮೇಷ್ಟ್ರು · ಬುಧವಾರ ಸಂಜೆ 6:40
ಹುಡುಗನನ್ನು ಮನೆಗೆ ಕರೆಸಿದ್ದೆ. ವಿಮಾನ, ರಿಮೋಟ್ ಎರಡೂ ತಂದಿದ್ದ. ಜಗುಲಿ ಮೇಲೆ ಇಟ್ಟು ಪ್ರೊಪೆಲ್ಲರ್ ಬಿಚ್ಚಿಸಿದೆ. ಅದು ಮೊದಲ ಕೆಲಸ. ಅವನು ಬಾಲ ಹಿಡಿದುಕೊಂಡ. ಮೋಟಾರು ಅರ್ಧ ವೇಗಕ್ಕೆ ಬಿಡಿಸಿ, ರಿಮೋಟ್ ಆಫ್ ಮಾಡು ಅಂದೆ. ಸಿಗ್ನಲ್ ಹೋದ ಕೂಡಲೇ ಮೋಟಾರು ನಿಲ್ಲಬೇಕು, ಅಲ್ವಾ? ನಿಲ್ಲಲಿಲ್ಲ. ಗೊರ್ ಅಂತ ತಿರುಗುತ್ತಲೇ ಇತ್ತು. ಒಳಗೆ ಸಿಗ್ನಲ್ ಹಿಡಿಯುವ ರಿಸೀವರ್, ರಿಮೋಟ್ ಕೊನೆಗೆ ಹೇಳಿದ ಮಾತನ್ನೇ ಹಿಡಿದುಕೊಂಡಿತ್ತು. ಅಂದರೆ ಇಷ್ಟು ದಿನ ಸಿಗ್ನಲ್ ಹೋಗಿದ್ದರೆ ಅದು ಬ್ಯಾಟರಿ ಮುಗಿಯುವವರೆಗೆ ಯಾರ ಮನೆ ಮೇಲೆ ಬೇಕಾದರೂ ಹೋಗುತ್ತಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು.

ಸಿಗ್ನಲ್ ಹೋದರೆ ಮೋಟಾರು ತಾನೇ ನಿಲ್ಲುವ ವ್ಯವಸ್ಥೆಗೆ ಫೇಲ್‌ಸೇಫ್ ಅಂತಾರೆ, ಅದನ್ನು ಹಾಕಿಯೇ ಇರಲಿಲ್ಲ. ಮೋಟಾರಿನ ವೇಗ ಹೇಳುವ ಥ್ರಾಟಲ್ ಕಡ್ಡಿ ಪೂರ್ತಿ ಕೆಳಗಿಟ್ಟು ರಿಸೀವರನ್ನು ರಿಮೋಟಿಗೆ ಮತ್ತೆ ಜೋಡಿಸಿದ. ಎರಡನೇ ಸಲ ಆಫ್ ಮಾಡಿದಾಗ ಠಕ್ ಅಂತ ನಿಂತಿತು. ಐದು ಸಲ ಮಾಡಿಸಿದೆ. ಪ್ರತಿ ಭಾನುವಾರ ದಡದಲ್ಲಿ ಮೊದಲು ಇದೇ ಪರೀಕ್ಷೆ. ಇದು ಹಾರಿಸುವವನಿಗೆ ನನ್ನ ಷರತ್ತು.

ಮನೆ 15 · 7:05
ಮೇಷ್ಟ್ರು ಒಪ್ಪಿದರೆ ನಾನು ಅರ್ಜಿ ಇಟ್ಟುಕೊಂಡಿರುತ್ತೇನೆ. ಹರಿದು ಹಾಕುವುದಿಲ್ಲ, ಇಟ್ಟುಕೊಂಡಿರುತ್ತೇನೆ.

ಕಾರ್ಯದರ್ಶಿ · 9:00
ಈ ಭಾನುವಾರ ಒಂದು ಸಲ ನೋಡೋಣ. ಬೆಳಗ್ಗೆ ಒಂಬತ್ತರಿಂದ ಹತ್ತೂವರೆ. ಏರಿ ಮೇಲಿಂದ ಬೇಡ, ದಕ್ಷಿಣಕ್ಕೆ ಕೋಡಿ ಪಕ್ಕದ ಬಯಲಿನಿಂದ ಹಾರಿಸುತ್ತಾನೆ. ಅಲ್ಲಿ ನಿಂತರೆ ಸೂರ್ಯ ಪಕ್ಕಕ್ಕಿರುತ್ತಾನೆ, ವಿಮಾನ ಕಣ್ಣ ಮುಂದೆ ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಏರಿ ಇನ್ನೂ ನೂರು ಮೀಟರ್ ದೂರ ಇರುವಾಗಲೇ ತಿರುಗಿಸಿ ಇಳಿಸಬೇಕು. ಜಾಗ ಸಾಲದಿದ್ದರೆ ಮತ್ತೆ ಮೇಲೇರಿಸಿ ಇನ್ನೊಂದು ಸುತ್ತು, ಏರಿ ಮಾತ್ರ ದಾಟಬಾರದು. ಪಕ್ಕದಲ್ಲಿ ಇನ್ನೊಬ್ಬರು ನಿಂತು ಜನ, ದನ, ಹರಿಗೋಲು ನೋಡಿಕೊಳ್ಳಬೇಕು, ಏಕೆಂದರೆ ಹಾರಿಸುವವನ ಕಣ್ಣು ವಿಮಾನ ಬಿಟ್ಟು ಕದಲುವುದಿಲ್ಲ. ಅವನನ್ನು ಮಾತಾಡಿಸಬೇಡಿ. "ಎಷ್ಟು ರೇಟು, ಎಲ್ಲಿ ತಗೊಂಡೆ" ಎಲ್ಲ ಆಮೇಲೆ. ಇಳಿಸುವ ಮುಂಚೆ ಅವನು ಜೋರಾಗಿ "ಇಳಿತಾ ಇದೆ" ಅಂತ ಕೂಗುತ್ತಾನೆ. ಮಕ್ಕಳು ದಡದಿಂದ ಹತ್ತು ಹೆಜ್ಜೆ ಹಿಂದೆ. ನೀರಲ್ಲಿ ವಿಮಾನಕ್ಕೆ ಬ್ರೇಕ್ ಇಲ್ಲ, ಮೋಟಾರು ತಿರುಗಿದ ಕೂಡಲೇ ಓಡುತ್ತದೆ. ಗಣಪತಿ ಬಿಡುವ ದಿನಗಳಲ್ಲಿ ಪೂರ್ತಿ ರಜೆ.

ಕೆಟ್ಟು ನಿಂತರೆ ಯಾರೂ ನೀರಿಗೆ ಇಳಿಯಬಾರದು. ಕಾಯಬೇಕು. ಅದು ಮಗುಚಿದರೂ ಮುಳುಗುವುದಿಲ್ಲವಂತೆ. ಈ ಗಾಳಿಗೆ ತಾನೇ ಏರಿ ಕಲ್ಲಿನ ಹತ್ತಿರ ಬರುತ್ತದೆ. ಬರದಿದ್ದರೆ ಹರಿಗೋಲು.

ಮನೆ 22 · 9:08
ಪಕ್ಕದಲ್ಲಿ ನಿಲ್ಲುವುದು ನಾನು.

ಮನೆ 22 · ಭಾನುವಾರ ಬೆಳಗ್ಗೆ 11:15
ವರದಿ. ಮೂರು ಸಲ ಚೆನ್ನಾಗಿ ಏರಿತು, ಚೆನ್ನಾಗಿ ಇಳಿಯಿತು. ಏರುವಾಗ ಮೊದಲು ನೀರನ್ನು ಸೀಳಿಕೊಂಡು ಮೂತಿ ಎತ್ತುತ್ತದೆ, ಆಮೇಲೆ ದೋಣಿಯ ತಳ ಮಾತ್ರ ನೀರಿಗೆ ತಾಗಿ ಜಾರುತ್ತದೆ, ಆಮೇಲೆ ಸದ್ದಿಲ್ಲದೆ ನೀರು ಬಿಟ್ಟು ಮೇಲೇಳುತ್ತದೆ. ಹನಿಗಳು ಹಿಂದೆ ಸಾಲಾಗಿ ಬೀಳುತ್ತವೆ. ನನಗೆ ಇಷ್ಟವಾಯಿತು, ಒಪ್ಪಿಕೊಳ್ಳುತ್ತೇನೆ.

ನಾಲ್ಕನೇ ಸಲ ಇಳಿದ ಮೇಲೆ ಬೆನ್ನಿಗೆ ಗಾಳಿ ಮಾಡಿಕೊಂಡು ತಿರುಗುವಾಗ ರೆಕ್ಕೆ ಎತ್ತಿ ಮಗುಚಿತು. ದಡದಿಂದ ಒಂದು ಅರವತ್ತು ಮೀಟರ್. ಹುಡುಗ ಒಂದು ಹೆಜ್ಜೆ ಮುಂದೆ ಇಟ್ಟ. ನಾನು ಏನೂ ಹೇಳಲಿಲ್ಲ. ಮೇಷ್ಟ್ರೂ ಹೇಳಲಿಲ್ಲ. ಅವನೇ ಹಿಂದೆ ಬಂದು ಕಲ್ಲಿನ ಮೇಲೆ ಕೂತ, ಎರಡು ಕೈ ತೊಡೆ ಸಂದಿಯಲ್ಲಿ ಇಟ್ಟುಕೊಂಡು. ಗುತ್ತಿಗೆಯವರು ಹರಿಗೋಲು ಬಿಚ್ಚಲು ಹೋದರೆ, "ಬೇಡ ಅಣ್ಣ, ಬರುತ್ತದೆ" ಅಂದ. ಇಪ್ಪತ್ತಾರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನ ಅಮ್ಮ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ವಿಮಾನ ಏರಿ ಕಲ್ಲಿಗೆ ತಾಗಿದಾಗ ಹುಡುಗ ಮೊದಲು ಬ್ಯಾಟರಿ ಬಿಚ್ಚಿದ.

ಮನೆ 40 · 11:30
ದೇವನಕ್ಕಿ ಗೂಡು ಸುರಕ್ಷಿತ. ಈಗಷ್ಟೇ ನೋಡಿ ಬಂದೆ.

ಮನೆ 15 · 11:42
ನಾನೂ ಏರಿ ಮೇಲೆ ಇದ್ದೆ, ಯಾರೂ ನೋಡಲಿಲ್ಲ. ಆ ಗುಂಡಿಗಳ ಹತ್ತಿರ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ವಿಮಾನಕ್ಕಲ್ಲ, ಬಟ್ಟೆ ಒಗೆಯುವವರಿಗೆ, ದನ ತೊಳೆಯುವವರಿಗೆ. ಗುತ್ತಿಗೆಯವರು ಹರಿಗೋಲಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಅರ್ಜಿ ಈಗ ಅದಕ್ಕೆ ಬರೆಯುತ್ತೇನೆ, ಗುಂಡಿ ಮುಚ್ಚಿಸಿ ಅಂತ. ಸಹಿ ಹಾಕುವವರು ಸಂಜೆ ಆರಕ್ಕೆ ನಮ್ಮ ಮನೆಗೆ ಬನ್ನಿ.

ಮನೆ 9 · 11:50
ನನ್ನ ಸಹಿ ಮೊದಲು ಹಾಕಿಸಿಕೊಳ್ಳಿ. ಗೋಡು ನಾನೂ ಹೊಡೆದಿದ್ದೇನೆ.

ಮನೆ 18 · 11:58
ಕೋಡಿ ಹತ್ತಿರ ಒಂದು ನೀಲಿ ಸ್ಟೂಲು ಬಿಟ್ಟು ಬಂದಿದ್ದೀರಿ. ಯಾರದು?

ಮನೆ 7, ಮೇಷ್ಟ್ರು · 12:03
ನನ್ನದು. ತೆಗೆದಿಡಪ್ಪ, ಸಂಜೆ ಸಹಿಗೆ ಬಂದಾಗ ತಗೊಳ್ಳುತ್ತೇನೆ.