ಗುಳ್ಳೆ ಎಣಿಸಿದ ಸುಧಾ ಅತ್ತೆ

ಗುಂಪು: ಧಾರವಾಡ ಬಳಗ, ಮುಂಬಯಿ-ಪುಣೆ

ಸುಧಾ ಅತ್ತೆ, ಡೊಂಬಿವಲಿ: (ಫೋಟೋ) ಹಸಿರು ಧೂಳಿನ ನಡುವೆ ಈ ಹಳದಿ ಚುಕ್ಕೆ ನೋಡಿ. ನಮ್ಮ ಆಕಾಶಗಂಗೆಯದೇ ಚಿತ್ರ, ಸ್ಪಿಟ್ಜರ್ ದೂರದರ್ಶಕ ತೆಗೆದದ್ದು. 2011ರಲ್ಲಿ ಕಾಲು ಮುರಿದು ಮೂರು ತಿಂಗಳು ಕೂತಿದ್ದೆನಲ್ಲ, ಆಗ ಇಂಥ ನೂರಾರು ಚಿತ್ರ ನೋಡಿ ಗುಳ್ಳೆ ಗುರುತು ಮಾಡಿದ್ದೆ. ಮಿಲ್ಕಿ ವೇ ಪ್ರಾಜೆಕ್ಟ್ ಅಂತ, ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಸೇರಬಹುದಿತ್ತು.

ರಘು ಕಾಕಾ, ಕೋಥ್ರೂಡ್: ಎಷ್ಟು ಕೊಟ್ಟರು?

ಸುಧಾ ಅತ್ತೆ: ಏನೂ ಇಲ್ಲ ಅಣ್ಣಾ.

ರಘು ಕಾಕಾ: ಅದೇ ಮತ್ತೆ. ಕೋಟಿಗಟ್ಟಲೆ ಡಾಲರ್ ಸುರಿದು ದೂರದರ್ಶಕ ಹಾರಿಸುತ್ತಾರೆ. ಫೋಟೋ ನೋಡಲಿಕ್ಕೆ ನಾಲ್ಕು ಜನರನ್ನು ಇಟ್ಟುಕೊಳ್ಳಲು ದುಡ್ಡಿಲ್ಲ. ಬಿಟ್ಟಿ ಚಾಕರಿಗೆ ಡೊಂಬಿವಲಿಯ ಸುಧಾ.

ಸುಧಾ ಅತ್ತೆ: ನಾಲ್ಕು ಜನ ನೋಡಿ ಆಗಿತ್ತು. 2006, 2007ರಲ್ಲಿ ವಿಜ್ಞಾನಿಗಳೇ ಕೂತು ಹುಡುಕಿದಾಗ ಸಿಕ್ಕ ಗುಳ್ಳೆ ಸುಮಾರು 600. ನಾವು 35,000ಕ್ಕಿಂತ ಜಾಸ್ತಿ ಮಂದಿ ಕೂತೆವು. 2012ರ ಪಟ್ಟಿಯಲ್ಲಿ 5,106.

ವಿನಾಯಕ ಮಾಮಾ, ಮಾಟುಂಗಾ: ಗುಳ್ಳೆ ಅಂದರೆ? ಬೇಸಿಗೆಯಲ್ಲಿ ಮೈಮೇಲೆ ಏಳುತ್ತದಲ್ಲ, ಅದಾ?

ಸುಧಾ ಅತ್ತೆ: ಅಯ್ಯೋ ಅಲ್ಲ. ದೊಡ್ಡ ಬಿಸಿ ನಕ್ಷತ್ರ ಹುಟ್ಟಿದರೆ ಅದರ ಬೆಳಕು, ಅದರಿಂದ ಹೊಮ್ಮುವ ಕಣಗಳ ಗಾಳಿ ಎರಡೂ ಸೇರಿ ಸುತ್ತಲಿನ ಅನಿಲ, ಧೂಳನ್ನು ಆಚೆ ದಬ್ಬುತ್ತವೆ. ಪೂರಿ ಉಬ್ಬಿದ ಹಾಗೆ. ಚಿತ್ರದಲ್ಲಿ ಅಂಚು ಹಸಿರು, ಒಳಗೆ ಕೆಂಪು. ಆ ಅಂಚಿನ ಮೇಲೆ ಮೌಸ್ ಎಳೆದು ಮೊಟ್ಟೆ ಆಕಾರದ ಗೆರೆ ಕೂರಿಸಬೇಕು. ವಾರೆಯಾದರೆ ತಿರುಗಿಸಬೇಕು. ಎಷ್ಟೋ ಗುಳ್ಳೆ ಪೂರ್ತಿ ಇರುವುದೇ ಇಲ್ಲ, ಒಡೆದ ಬಳೆಯ ಚೂರಿನ ಹಾಗೆ ಅರ್ಧ ಕಾಣುತ್ತದೆ. ಇದನ್ನು ಹಿಡಿಯುವುದೋ ಬಿಡುವುದೋ ಅಂತ ಒಂದೊಂದರ ಮುಂದೆ ಹತ್ತು ನಿಮಿಷ ಕೂತದ್ದುಂಟು.

ರಘು ಕಾಕಾ: ಈ ಬಣ್ಣವಾದರೂ ನಿಜವಾ?

ಸುಧಾ ಅತ್ತೆ: ಅಲ್ಲ. ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವುದಿಲ್ಲ ಅಲ್ವಾ, ಅದಕ್ಕೆ ಅವರೇ ಬಣ್ಣ ಕೊಡುತ್ತಾರೆ.

ರಘು ಕಾಕಾ: ಬಣ್ಣ ಸುಳ್ಳು, ಸಂಬಳ ಸೊನ್ನೆ.

ನಿಖಿಲ್, ಹಿಂಜವಡಿ: ಅತ್ತೆ, ಈಗ ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಸುಮ್ನೆ ಕಣ್ಣು ಯಾಕೆ ಹಾಳು ಮಾಡಿಕೊಳ್ಳಬೇಕು?

ಸುಧಾ ಅತ್ತೆ: ಅದಕ್ಕೆ ಪಾಠ ಹೇಳಿದವರು ಯಾರು? 2014ರಲ್ಲಿ ಬ್ರೂಟ್ ಅಂತ ಒಂದು ಪ್ರೋಗ್ರಾಮ್ ಬಂತು. ಗುಳ್ಳೆ ಹೇಗಿರುತ್ತದೆ ಅಂತ ಅದು ಕಲಿತದ್ದು ನಾವು ಎಳೆದ ಗೆರೆ ನೋಡಿ.

ನಿಖಿಲ್: ಓದಿ ಬಂದೆ. ಅದೇ ಬ್ರೂಟ್ ಏನು ಹೇಳಿತು ಗೊತ್ತಾ? ಪಟ್ಟಿಯಲ್ಲಿ ನೂರಕ್ಕೆ 10ರಿಂದ 30 ಗುಳ್ಳೆಗಳೇ ಅಲ್ಲವಂತೆ 😄

ರಘು ಕಾಕಾ: ಭೇಷ್ ನಿಖಿಲ್.

ಸುಧಾ ಅತ್ತೆ: ಇರಬಹುದು. ನನ್ನವೂ ಅದರಲ್ಲಿ ಇದ್ದೇ ಇರುತ್ತವೆ. ಅದಕ್ಕೇ ಒಂದೇ ಚಿತ್ರವನ್ನು ಹಲವರಿಗೆ ತೋರಿಸುತ್ತಿದ್ದರು. ಆದರೆ ನಾನು ಕಳಿಸಿದ ಹಳದಿ ಚುಕ್ಕೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಅದನ್ನು ಹುಡುಕಿ ಅಂತ ಯಾರೂ ನಮಗೆ ಹೇಳಿರಲಿಲ್ಲ. ಗುಳ್ಳೆ ನೋಡುತ್ತಾ ಕೂತವರು "ಈ ಹಳದಿ ಉಂಡೆ ಏನು?" ಅಂತ ಕೇಳಿದರು, ಅಷ್ಟೇ. ಆಮೇಲೆ 900ಕ್ಕೂ ಹೆಚ್ಚು ಸಿಕ್ಕವು. 2015ರಲ್ಲಿ ಅದರ ಮೇಲೆ ಪ್ರಬಂಧವೇ ಬಂತು. ನಕ್ಷತ್ರ ಹುಟ್ಟುವ ಮೊದಮೊದಲ ಹಂತ ಅದು, ಪೂರಿ ಇನ್ನೂ ಉಬ್ಬಿಲ್ಲ. ಹಸಿರು ಕೆಂಪು ಒಂದರ ಮೇಲೊಂದು ಕೂತಿರುತ್ತವೆ, ಅದಕ್ಕೇ ಹಳದಿ. ನಿನ್ನ ಕಂಪ್ಯೂಟರಿಗೆ ಗುಳ್ಳೆ ಹುಡುಕು ಅಂದರೆ ಗುಳ್ಳೆಯನ್ನೇ ಹುಡುಕುತ್ತದೆ, "ಇದೇನಿದು" ಅಂತ ನಿನ್ನನ್ನು ಕೇಳುತ್ತದಾ?

ನಿಖಿಲ್: ವಿಚಿತ್ರವಾದದ್ದನ್ನು ಹುಡುಕುವ ಹಾಗೂ ಪ್ರೋಗ್ರಾಮ್ ಬರೆಯಬಹುದು. ಆದರೂ ಅರ್ಧ ಒಪ್ಪಿದೆ.

ರಘು ಕಾಕಾ: ಕೇಳಿದವರಿಗೆ ಏನು ಸಿಕ್ಕಿತು?

ಪಲ್ಲವಿ, ಮಡಗಾಂವ್: ಅಪ್ಪಾ, 2007ರಲ್ಲಿ ಗ್ಯಾಲಕ್ಸಿ ಜೂ ಅಂತ ಇಂಥದೇ ಇನ್ನೊಂದು ಕೆಲಸದಲ್ಲಿ ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಟೀಚರ್ ಒಂದು ವಿಚಿತ್ರ ಹೊಳಪು ಕಂಡರು. ಅದಕ್ಕೆ ಅವರ ಹೆಸರೇ ಇಟ್ಟಿದ್ದಾರೆ.

ರಘು ಕಾಕಾ: ಒಬ್ಬಳಿಗೆ ಹೆಸರು, ಉಳಿದವರಿಗೆ ಬೆರಳು ನೋವು.

ಪಲ್ಲವಿ: ನೀವು ಒಂಬತ್ತು ವರ್ಷದಿಂದ ಸೊಸೈಟಿ ಲೆಕ್ಕ ಬರೆಯುತ್ತಿದ್ದೀರಲ್ಲ, ಎಷ್ಟು ಕೊಡುತ್ತಾರೆ?

(ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ. ಕಾಕಾ ಆನ್‌ಲೈನ್ ಇದ್ದರು.)

ರಘು ಕಾಕಾ: ಅದು ಬೇರೆ. ಮೇಂಟೆನೆನ್ಸ್ ಕಟ್ಟದವರು ಯಾರು ಯಾರು ಅಂತ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಸುಧಾ ಅತ್ತೆ: ನನಗೂ ಅಷ್ಟೇ ಅಣ್ಣಾ 🙂 ಇಲ್ಲಿ ರಾತ್ರಿ ತಲೆ ಎತ್ತಿದರೆ ಎದುರು ಬಿಲ್ಡಿಂಗಿನ ದೀಪ. ಧಾರವಾಡದ ಮಾಳಿಗೆ ಮೇಲೆ ಮಲಗಿದಾಗ ಮೊದಲ ಸಲ ಆಕಾಶಗಂಗೆ ತೋರಿಸಿದ್ದು ನೀವೇ. ನೆನಪಿದೆಯಾ?

ರಘು ಕಾಕಾ: ನೆನಪಿದೆ. ಅದು ಮೋಡ. ನೀನು ಅಳುತ್ತಿದ್ದೆ, ಅದಕ್ಕೇ ಹಾಗೆ ಹೇಳಿದೆ.

ನಿಖಿಲ್: ನೂರಕ್ಕೆ 10ರಿಂದ 30.